ರೋಮನ್ನರು ಎದ್ದು ಹೋಗುವ ಅಂಕ

ರಮಾಮಣಿಯ ಮನೆಗೆ ರೋಮನ್ನರು ಬಂದದ್ದು ಫೆಬ್ರವರಿಯ ಮೊದಲ ಶನಿವಾರ, ಬೆಳಗ್ಗೆ ಹತ್ತೂವರೆಗೆ. ಹನ್ನೊಂದು ಜನ. ಬೂಟುಗಳನ್ನು ಬಾಗಿಲ ಬಳಿ ಸಾಲಾಗಿ ಬಿಟ್ಟು, ಕಾಲು ಒರೆಸಿಕೊಂಡು, ಎರಡು ಡಬ್ಬಿ ಚಕ್ಕುಲಿಯನ್ನು ಅವಳ ಕೈಗಿಟ್ಟು ಒಳಗೆ ಬಂದರು. ಸಾಮ್ರಾಜ್ಯವೊಂದು ಚಕ್ಕುಲಿ ಹಿಡಿದುಕೊಂಡು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಎಲ್ಲರಿಗೂ ಕಾಫಿ ಕೊಟ್ಟಳು.

ಇದಕ್ಕೆಲ್ಲ ಮೂಲ ಅವಳ ಗಂಡ ಅಶ್ವತ್ಥನಾರಾಯಣ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆಯನ್ನು ಯಾರು ಕಟ್ಟಿದರೋ, ಅವರು ಈ ಮನುಷ್ಯನನ್ನು ನೋಡಿಯೇ ಕಟ್ಟಿರಬೇಕು. ಅಮೆರಿಕದ ವೆಸ್ಟ್ ವಿಂಡ್ಸರ್ ಸುತ್ತಮುತ್ತಲ ಕನ್ನಡದವರ ಸಂಘ ಪ್ರತಿ ಯುಗಾದಿಗೂ ಒಂದು ಪೌರಾಣಿಕ ನಾಟಕ ಆಡುತ್ತದೆ. ಹೋದ ವರ್ಷ ದುರ್ಯೋಧನನ ಪಾತ್ರಕ್ಕೆ ಮೂವರು ಹಟ ಹಿಡಿದು, ಕೊನೆಗೆ ಅಂಕಕ್ಕೊಬ್ಬನಂತೆ ಮೂವರೂ ಆಡಿ, ಭೀಮನ ಪಾತ್ರಧಾರಿಗೆ ಯಾರ ತೊಡೆ ಮುರಿಯಬೇಕೆಂದೇ ತಿಳಿಯದೆ ನಾಟಕ ಕೆಟ್ಟುಹೋಗಿತ್ತು. ಈ ಸಲ ಜಗಳವೇ ಬೇಡವೆಂದು, ವಿಮಾ ಕಂಪನಿಯ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದ ಅಶ್ವತ್ಥನಾರಾಯಣ ಲೈಬ್ರರಿಯಿಂದ ನಾಲ್ಕು ದಪ್ಪ ಪುಸ್ತಕ ತಂದು ತಾನೇ ಒಂದು ನಾಟಕ ಬರೆಯಲು ಕೂತ.

ರೋಮನ್ನರ ಕಾಲದ ಯೆರೂಸಲೇಮಿನ ಒಂದು ಶ್ರೀಮಂತ ಯಹೂದಿ ಮನೆತನದ ಕಥೆ ಅದು. ಯಜಮಾನ ಎಲ್ಯಾಕೀಮ್, ಆಲಿವ್ ತೋಟಗಳಿರುವವನು, ದೇವಾಲಯದ ಹಿರಿಯರ ಸಾಲಿನಲ್ಲಿ ಕೂರುವವನು. ಹೆಂಡತಿ ಶೆಲೋಮಿತ್. ಒಂದು ದಿನ ರೋಮಿನ ಅಧಿಪತಿ ತನ್ನ ಸೈನಿಕರನ್ನು ಕರೆತಂದು ಇವರ ಮನೆಯಲ್ಲೇ ಬೀಡು ಬಿಡುತ್ತಾನೆ. ಇವತ್ತು ಸ್ವಲ್ಪ ಬಗ್ಗಿದರೆ ನಾಳೆ ಮನೆ ಉಳಿದೀತು ಎಂಬುದು ಎಲ್ಯಾಕೀಮನ ಲೆಕ್ಕ. ಹಾಗಾಗಿ ಅಂಕಕ್ಕೊಂದರಂತೆ ಕೋಣೆಗಳನ್ನು ಬಿಟ್ಟುಕೊಡುತ್ತ ಹೋಗುತ್ತಾನೆ. ನಾಲ್ಕು ಅಂಕ ಮುಗಿದಿದ್ದವು. ಐದನೆಯದರಲ್ಲಿ ರೋಮನ್ನರು ಮನೆ ಬಿಟ್ಟು ಹೋಗಬೇಕಿತ್ತು. ಅವರು ಹೇಗೆ ಹೋಗುತ್ತಾರೆಂಬುದು ಮಾತ್ರ ನಾಟಕಕಾರನಿಗೆ ಹೊಳೆದಿರಲಿಲ್ಲ.

ಎಲ್ಯಾಕೀಮನಾಗಿ ಅವನೇ ನಿಂತ. ಶೆಲೋಮಿತಳಿಗೆ ಸಂಘದ ಯಾವ ಹೆಂಗಸೂ ಒಪ್ಪಲಿಲ್ಲ, ಏಕೆಂದರೆ ನಾಲ್ಕು ಅಂಕ ಸೇರಿ ಅವಳಿಗೆ ಮಾತು ಹನ್ನೆರಡು, ತಟ್ಟೆ ಹಿಡಿದು ಬರುವುದು ಇಪ್ಪತ್ತಾರು ಸಲ. ಆ ಪಾತ್ರ ರಮಾಮಣಿಯ ಪಾಲಿಗೆ ಬಂತು. ತಾಲೀಮೂ ಅವಳ ಮನೆಯಲ್ಲೇ ಎಂದು ಗಂಡ ಯಾರನ್ನೂ ಕೇಳದೆ ಮಾತು ಕೊಟ್ಟುಬಂದ.

ಆ ಶನಿವಾರ ಮಧ್ಯಾಹ್ನ ಹಿಮ ಶುರುವಾಗಿ ಸಂಜೆಗೆ ಹದಿನೈದು ಇಂಚು ಬಿತ್ತು. ಇಂಥದ್ದರಲ್ಲಿ ಡ್ರೈವ್ ಮಾಡುವುದೇ ಎಂದು ಅಶ್ವತ್ಥನಾರಾಯಣ ಹನ್ನೊಂದು ಜನರನ್ನೂ ಉಳಿಸಿಕೊಂಡ. ಭಾನುವಾರ ದಾರಿ ತೆರವಾಯಿತು. ತಿಂಡಿ ತಿಂದು ಹೋಗಿ ಎಂದ, ತಿಂದರು. ತಿಂಡಿಯಾದ ಮೇಲೆ ಮೂರನೇ ಅಂಕ ಒಂದು ಸಲ ಮಾಡಿಬಿಡೋಣ ಎಂದರು, ಅಷ್ಟರಲ್ಲಿ ಊಟದ ಹೊತ್ತಾಯಿತು. ಸೋಮವಾರ ಎಲ್ಲರಿಗೂ ವರ್ಕ್ ಫ್ರಮ್ ಹೋಮ್. ಯಾರ ಹೋಮ್ ಎಂದು ಆಫೀಸಿನವರು ಕೇಳುವುದಿಲ್ಲವಲ್ಲ, ಲ್ಯಾಪ್‌ಟಾಪ್ ತೆರೆದು ಅಲ್ಲೇ ಕೂತರು.

ಹಿಮ ಕರಗಿತು, ರೋಮನ್ನರು ಕರಗಲಿಲ್ಲ. ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ ಈ ಮನೆಯಿಂದ ಹದಿನೈದು ನಿಮಿಷದ ನಡಿಗೆ. ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವವರಿಗೆ ತಮ್ಮ ಮನೆಗಿಂತ ಇದೇ ಅನುಕೂಲ ಎಂಬುದು ಒಂದು ವಾರದಲ್ಲಿ ಗೊತ್ತಾಗಿ ಹೋಯಿತು. ಬೆಳಗ್ಗೆ ಏಳಕ್ಕೆ ಹೋಗಿ ಸಂಜೆ ಆರಕ್ಕೆ ಬರುವರು, ಬಂದು ಮೈಸೂರು ಅಂಚಿನ ಪಂಚೆಯನ್ನು ರೋಮನ್ನರ ಹಾಗೆ ಹೆಗಲ ಮೇಲೆ ಎಳೆದುಕೊಳ್ಳುವರು. ಎದೆಗವಚಗಳು ಟರ್ಕಿ ಕೋಳಿ ಬೇಯಿಸುವ ಅಲ್ಯುಮಿನಿಯಂ ಟ್ರೇಗಳದು. ಶಿರಸ್ತ್ರಾಣದ ಕುಚ್ಚು ಗ್ಯಾರೇಜಿನ ಪೊರಕೆಯದು. ಮಂಡ್ಯ ಕಡೆಯ ಬೋರಲಿಂಗಯ್ಯ ಸೇನಾನಾಯಕ. ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಮ್ಯಾನೇಜರು. ಅವನು ಕವಚ ಬಿಚ್ಚದೆಯೇ ಬೆಳಗಿನ ಮೀಟಿಂಗಿಗೆ ಕ್ಯಾಮೆರಾ ಮುಂದೆ ಕೂರುತ್ತಿದ್ದ. ಅವನ ತಂಡ ಆ ತಿಂಗಳು ಎಲ್ಲ ಕೆಲಸವನ್ನೂ ವಾಯಿದೆಗೆ ಮೊದಲೇ ಮುಗಿಸಿತಂತೆ.

ಅಧಿಪತಿಯ ಪಾತ್ರ ಅಡಿವೆಪ್ಪನವರದು. ಧಾರವಾಡದವರು, ಸೇತುವೆಗಳ ಇಂಜಿನಿಯರಾಗಿದ್ದು ನಿವೃತ್ತರಾದವರು. ಫೋರ್ಟ್ ಲೀಯ ಹತ್ತೊಂಬತ್ತನೇ ಮಹಡಿಯಲ್ಲಿ ಮನೆ. ಹೆಂಡತಿ ತಾಯಿಯ ಆರೈಕೆಗೆಂದು ಧಾರವಾಡಕ್ಕೆ ಹೋಗಿದ್ದರು. ದೊಡ್ಡ ಆಳು, ದೊಡ್ಡ ದನಿ, ಮೃದು ಸ್ವಭಾವ. ಪಾತ್ರದೊಳಗೆ ಇಳಿಯಬೇಕೆಂದರೆ ಇಡೀ ದಿನ ಇಳಿದಿರಬೇಕು ಎಂಬುದು ಅವರ ಸಿದ್ಧಾಂತ. ಎರಡನೇ ವಾರ ಫ್ರಿಜ್ ಮೇಲೆ ಅವರ ಮೊದಲ ಆಜ್ಞಾಪತ್ರ ಬಂತು: ಮನೆಯ ಹೀಟಿಂಗ್ ಎಪ್ಪತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿರಕೂಡದು. ಎರಡನೆಯದು, ಟಿವಿ ಎದುರಿನ ಒರಗು ಕುರ್ಚಿಯಲ್ಲಿ ಸ್ಥಳೀಕರು ಕೂರುವಂತಿಲ್ಲ. ಮೂರನೆಯದು ಜನಗಣತಿ. ಎಲ್ಲರೂ ಹೆಸರು, ಮೂಲ ಸ್ಥಳ, ವೀಸಾ ಸ್ಥಿತಿ ಬರೆಯಬೇಕು. ಅಶ್ವತ್ಥನಾರಾಯಣ ಕನ್ನಡಕ ಹಾಕಿಕೊಂಡು, ಎಲ್ಯಾಕೀಮ್, ಶ್ರೀಮಂತ, ಯೆರೂಸಲೇಮ್, ಖಾಯಂ ನಿವಾಸಿ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ. ಮಾರನೇ ದಿನದಿಂದ ತನ್ನದೇ ಹಾಲ್‌ನಲ್ಲಿ ಚಾಪೆಯ ಮೇಲೆ ಕೂರತೊಡಗಿದ. ಊರಿನಲ್ಲಿ ಇಷ್ಟು ಮನೆಗಳಿದ್ದೂ ಅವರು ನಮ್ಮ ಮನೆಯನ್ನೇ ಆರಿಸಿಕೊಂಡರಲ್ಲ ಎಂದು ಹೆಂಡತಿಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯಿತ್ತು.

ಇಷ್ಟನ್ನೂ ರಮಾಮಣಿ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳನ್ನು ಸುಡುತ್ತಿದ್ದದ್ದು ಕೆಳಗಿನ ಕೋಣೆ.

ಮಗಳು ಸನ್ನಿಧಿಗೆ ತುಂಬಿದ ತಿಂಗಳು. ಗಂಡ ಸುಮೀತ್ ಜೊತೆ ಮ್ಯಾನ್‌ಹಟನ್ ಆಚೆಯ ಜ್ಯಾಕ್ಸನ್ ಹೈಟ್ಸ್‌ನಲ್ಲಿದ್ದಳು. ಹೆರಿಗೆ ಅಲ್ಲಿಯ ಆಸ್ಪತ್ರೆಯಲ್ಲಿ, ಬಾಣಂತನ ತವರಿನಲ್ಲಿ ಎಂದು ಯಾವಾಗಲೋ ನಿರ್ಧಾರವಾಗಿತ್ತು. ಮೆಟ್ಟಿಲು ಹತ್ತದೆ ಇರಬಹುದಾದದ್ದು, ಸ್ನಾನದ ಮನೆ ಹೊಂದಿಕೊಂಡಿರುವುದು, ಬೆಚ್ಚಗಿರುವುದು ಮನೆಯಲ್ಲಿ ಅದೊಂದೇ ಕೋಣೆ. ಜನವರಿಯಲ್ಲೇ ರಮಾಮಣಿ ಅದನ್ನು ತೊಳೆದು, ಮಂಚಕ್ಕೆ ಹೊಸ ಹಾಸು ಹಾಕಿ, ಹರಳೆಣ್ಣೆ, ಸಾಂಬ್ರಾಣಿ, ಲೇಹ್ಯದ ಡಬ್ಬಿಗಳನ್ನು ಜೋಡಿಸಿಟ್ಟಿದ್ದಳು. ಈಗ ಆ ಮಂಚದ ಮೇಲೆ ಅಧಿಪತಿಗಳು ಗೊರಕೆ ಹೊಡೆಯುತ್ತಿದ್ದರು. ಮೂಲೆಯಲ್ಲಿ ಸ್ನಾನದ ಪರದೆಯ ಕೋಲುಗಳಿಂದ ಮಾಡಿದ ಒಂಬತ್ತು ಭರ್ಜಿಗಳು ಒರಗಿದ್ದವು.

ಮೂವತ್ತೊಂದು ವರ್ಷದ ಹಿಂದೆ ಸನ್ನಿಧಿ ಹುಟ್ಟಿದಾಗ ರಮಾಮಣಿಯ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ನ್ಯೂ ಬ್ರನ್ಸ್‌ವಿಕ್‌ನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ, ಐದನೇ ದಿನ ಅವಳೇ ಎದ್ದು ಅನ್ನಕ್ಕಿಟ್ಟಿದ್ದಳು. ಸಿಂಕಿನ ಮುಂದೆ ನಿಂತು ಅತ್ತಿದ್ದಳು. ನನ್ನ ಮಗಳಿಗೆ ಇದು ಆಗಕೂಡದು ಎಂದು ಅವತ್ತೇ ಅಂದುಕೊಂಡಿದ್ದಳು. ಒಂದು ಬಾಣಂತನ ಮಾಡುವುದಕ್ಕಾಗಿಯೇ ಮೂವತ್ತೊಂದು ವರ್ಷ ಕಾದವಳು ಅವಳು. ಉಳಿದದ್ದು ಇನ್ನು ಮೂರು ವಾರ.

ಎದ್ದು ಹೋಗಿ ಎಂದು ಹೇಳಿದರಾಯಿತಲ್ಲ ಎಂದು ನೀವು ಕೇಳಬಹುದು. ಕೇಳುವವರು ನಮ್ಮವರಲ್ಲ. ಮನೆಗೆ ಬಂದವರನ್ನು ಹೋಗಿ ಎನ್ನುವ ನಾಲಿಗೆ ರಮಾಮಣಿಗೆ ಅವಳ ತಾಯಿ ಕೊಟ್ಟಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಸೂಚನೆಗಳು. ಸಂಜೆಯಾಗುತ್ತಲೇ ಪ್ರಾಂಪ್ಟರ್ ತಾರಿಣಿಗೆ ಕುಂಕುಮ ಕೊಡುವಳು. ಕುಂಕುಮ ಕೊಟ್ಟರೆ ಇನ್ನು ಹೊರಡಿ ಎಂದೇ ಲೆಕ್ಕ. ತಾರಿಣಿ ಹಣೆಗಿಟ್ಟುಕೊಂಡು, ಕೆನ್ನೆಗೆ ಅರಿಶಿನ ಹಚ್ಚಿಕೊಂಡು, ಮತ್ತೆ ಕೂರುವಳು. ಒಂದು ವಾರ ಬರೀ ಉಪ್ಪುಸಾರು ಮಾಡಿದಳು. ಮನೆಯೂಟ ಎಂದರೆ ಇದು ಎಂದು ಬೋರಲಿಂಗಯ್ಯ ಕಣ್ಣಲ್ಲಿ ನೀರು ತಂದುಕೊಂಡು ಎರಡು ಸಲ ಬಡಿಸಿಕೊಂಡ.

ಒಂದು ಬೆಳಗ್ಗೆ ಗಂಡನನ್ನು ಗ್ಯಾರೇಜಿಗೆ ಕರೆದು, ಐದನೇ ಅಂಕ ಯಾವಾಗ ಮುಗಿಸುತ್ತೀರಿ, ರೋಮನ್ನರು ಯಾವಾಗ ಹೋಗುತ್ತಾರೆ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡ. ಪಕ್ಕದ ಮನೆಯ ರೂತ್ ಎಂಬ ಮುದುಕಿ ಯಹೂದಿ ಹೆಂಗಸಲ್ಲವೇ, ಅವರನ್ನೂ ಕೇಳಿದೆನೆಂದ. ಆ ಕೊನೇ ಅಂಕಕ್ಕೆ ನಮ್ಮ ಜನರೂ ಎರಡು ಸಾವಿರ ವರ್ಷದಿಂದ ಕಾಯುತ್ತಿದ್ದಾರೆ ಎಂದು ಆಕೆ ನಕ್ಕುಬಿಟ್ಟರಂತೆ.

"ಪುಸ್ತಕದಲ್ಲೆಲ್ಲ ಹುಡುಕ್ದೆ ಕಣೇ," ಎಂದ ಅಶ್ವತ್ಥನಾರಾಯಣ. "ಅವರು ಹೋಗಲೇ ಇಲ್ಲ. ಏಳುನೂರು ವರ್ಷ ಇದ್ರು."

ರಮಾಮಣಿ ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತಳು. ಏಳುನೂರು ವರ್ಷ ಉಪ್ಪುಸಾರು ಮಾಡುವುದನ್ನು ನೆನೆದು ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಉಪಾಯ ಹೊಳೆದದ್ದು ಆ ಭಾನುವಾರ, ಒಗ್ಗರಣೆ ಹಾಕುತ್ತಿದ್ದಾಗ. ರೋಮನ್ನರೇನೋ ಮಾಂಸ ಹಾಕಿದ ಪೆಪ್ಪರೋನಿ ಪಿಜ್ಜಾ ತಿನ್ನುವವರೇ, ಆದರೆ ಯುಗಾದಿ ಹತ್ತಿರ ಬಂದಾಗ ಪ್ರತಿಯೊಬ್ಬರ ಮನೆಯಲ್ಲೂ ಒಂದು ವ್ರತ, ಒಂದು ಪೂಜೆ. ಮಗು ಹುಟ್ಟಿದ ಮನೆಗೆ ಹತ್ತು ದಿನ ಪುರುಡು. ಅಲ್ಲಿ ಹೊರಗಿನವರು ನೀರೂ ಮುಟ್ಟುವುದಿಲ್ಲ. ಅವಳು ಸೌಟು ಕೆಳಗಿಟ್ಟು, ಎರಡನೇ ಅಂಕದ ಕತ್ತಿಯುದ್ಧ ನಡೆಯುತ್ತಿದ್ದ ಹಾಲ್‌ಗೆ ಬಂದು, ಸನ್ನಿಧಿಗೆ ಹೆರಿಗೆಯಾಯಿತು, ಹೆಣ್ಣು ಮಗು, ಮನೆಗೆ ಪುರುಡು ಬಂದಿದೆ ಎಂದು ಹೇಳಿದಳು. ಹುಟ್ಟದ ಮಗುವಿನ ಮೇಲೆ ಸುಳ್ಳು ಹೇಳುತ್ತಿದ್ದೇನೆ, ದೇವರೇ, ಅದಕ್ಕೇನೂ ಮಾಡಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

ಕತ್ತಿಗಳು ಕೆಳಗಿಳಿದವು. ಎಲ್ಲರೂ ಸಂತೋಷಪಟ್ಟರು. ಆಮೇಲೆ ತಾರಿಣಿ ಬಾಯಿ ತೆರೆದಳು. ಅವಳ ಮಾವ ಪುರೋಹಿತರು. ಕೊಟ್ಟ ಹೆಣ್ಣು ಬೇರೆ ಗೋತ್ರ ಅಲ್ಲವೇ ಆಂಟಿ, ಅವಳು ಎಲ್ಲೋ ಹೆತ್ತರೆ ತವರಿಗೆ ಪುರುಡು ಬರುವುದಿಲ್ಲ, ತವರಿನಲ್ಲೇ ಹೆತ್ತರೆ ಮಾತ್ರ ಎಂದಳು. ರೋಮನ್ನರು ಸಮಾಧಾನದಿಂದ ಮತ್ತೆ ಕತ್ತಿ ಎತ್ತಿಕೊಂಡರು.

"ಇಲ್ಲೇ ಹುಟ್ತು," ಎಂದಳು ರಮಾಮಣಿ. "ಮೇಲುಗಡೆ ರೂಮಲ್ಲಿ. ಇವತ್ತು ಬೆಳಿಗ್ಗೆ. ನೀವು ಕತ್ತಿ ತಿರುಗಿಸ್ತಾ ಇದ್ರಿ, ಅದಕ್ಕೇ ಕೇಳಿಸಿಲ್ಲ."

ಒಬ್ಬರಿಗೂ ಸಂದೇಹ ಬರಲಿಲ್ಲ. ಐದು ವಾರದಿಂದ ಆ ಮನೆಯಲ್ಲಿ ಇದ್ದು, ಮೇಲೆ ಯಾರಿದ್ದಾರೆ, ಯಾರಿಲ್ಲ ಎಂದು ಒಬ್ಬರೂ ನೋಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಶ್ವತ್ಥನಾರಾಯಣ ಮಾತ್ರ ಪಂಚೆ ಎತ್ತಿಕೊಂಡು, ತಾನು ಅಜ್ಜನಾದ ಸಂಭ್ರಮದಲ್ಲಿ ಮೆಟ್ಟಿಲು ಹತ್ತಿ ಓಡಿದ. ಮೇಲೆ ಬಾಗಿಲುಗಳು ತೆರೆದ ಸದ್ದು, ಮುಚ್ಚಿದ ಸದ್ದು. ಅವನು ನಿಧಾನವಾಗಿ ಇಳಿದು ಬಂದ. ಹೆಂಡತಿಯ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ರೋಮನ್ನರ ಕಡೆ ತಿರುಗಿ, ಮಗು ಮಲಗಿದೆ, ಈಗ ನೋಡುವ ಹಾಗಿಲ್ಲ ಎಂದ. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಅವನು ಊರನ್ನು ಬಿಟ್ಟು ಹೆಂಡತಿಯ ಪಕ್ಷ ಹಿಡಿದದ್ದು ಅದೇ ಮೊದಲು. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು.

ಇಪ್ಪತ್ತು ನಿಮಿಷದಲ್ಲಿ ಸಾಮ್ರಾಜ್ಯ ಖಾಲಿಯಾಯಿತು. ಕವಚ, ಕುಚ್ಚು, ಚಾರ್ಜರ್, ಹಲ್ಲುಜ್ಜುವ ಬ್ರಷ್ ಎಲ್ಲ ಹೊರಟವು. ಬೋರಲಿಂಗಯ್ಯ ಅರ್ಧ ಕುಡಿದ ಕಾಫಿಯನ್ನು ಸಿಂಕಿಗೆ ಸುರಿದು, ಲೋಟವನ್ನು ಎರಡು ಬೆರಳಲ್ಲಿ ಇಟ್ಟು ಹೋದ. ರಮಾಮಣಿ ಬಾಗಿಲು ಹಾಕಿ, ಕೆಳಗಿನ ಕೋಣೆಯ ಹಾಸು ಬದಲಿಸಲು ನಡೆದಳು. ಅಡಿವೆಪ್ಪನವರು ಮಂಚದ ಮೇಲೆ ಕೂತು ಆಜ್ಞಾಪತ್ರ ಬರೆಯುತ್ತಿದ್ದರು. ಹುಟ್ಟಿದ ಶಿಶುವಿಗೆ ಈ ಮೂಲಕ ರೋಮಿನ ಪೌರತ್ವ ನೀಡಲಾಗಿದೆ ಎಂದು ಅದರಲ್ಲಿತ್ತು.

ಪುರುಡು, ಎಂದು ಅವಳು ನೆನಪಿಸಿದಳು.

"ನಮಗ ಸೂತಕ ಅನ್ನೋದ ಇಲ್ರಿ ವೈನಿ," ಎಂದರು ಅಧಿಪತಿಗಳು. ಅತ್ತಿಗೆ ಎನ್ನುವುದಕ್ಕೆ ಅವರ ಕಡೆಯ ಮಾತು ಅದು. "ನಾವು ಲಿಂಗಾಯತರು. ಎಂಟನೂರು ವರ್ಷದ ಹಿಂದನ ಬಿಟ್ಟೇವಿ. ಕೂಸು ಹುಟ್ಟಿದ ಮನಿ, ಎಲ್ಲಾರೂ ಎದ್ದು ಓಡಿದ್ರ ಹೆಂಗ? ನಾ ಇರ್ತೇನಿ. ನೀರು ಕಾಸೂದು, ಔಷಧ ತರೂದು, ಏನಿದ್ರೂ ಹೇಳ್ರಿ."

ರಮಾಮಣಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹತ್ತು ಜನರ ಮನೆ ಆಚಾರವೂ ತಿಳಿದಿದ್ದವಳಿಗೆ, ಮಂಚದ ಮೇಲಿದ್ದ ಒಬ್ಬರದು ಮರೆತುಹೋಗಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸನ್ನಿಧಿ.

ಅವಳಿಗೆ ಸಂಘದ ವಾಟ್ಸಾಪಿನಿಂದ ಎಂಬತ್ತಾರು ಶುಭಾಶಯ ಬಂದಿದ್ದವು. ಮಗುವಿನ ತೂಕ ಎಷ್ಟು ಎಂದು ಕೇಳಿದವರೇ ಮೂವತ್ತು ಜನ. ಸುಮೀತ್‌ನ ತಾಯಿ ಬೆಂಗಳೂರಿನಿಂದ ಫೋನ್ ಮಾಡಿ, ನಮಗೆ ಯಾಕೆ ಹೇಳಲಿಲ್ಲ ಎಂದು ಅತ್ತರಂತೆ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ ಎಂದಳು ಸನ್ನಿಧಿ. ಮಗು ಇನ್ನೂ ಒಳಗೇ ಇದೆ. ರಮಾಮಣಿ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೊದಲಿಂದ ಕೊನೆತನಕ ಎಲ್ಲವನ್ನೂ ಹೇಳಿದಳು. ಆ ಕಡೆ ಮಗಳು ನಕ್ಕಳು, ನಗುತ್ತಲೇ ಇದ್ದಳು, ಆಮೇಲೆ ನಗು ನಿಂತಿತು.

"ಅಮ್ಮಾ, ಹುಟ್ಟದೇ ಇರೋ ಮಗು ಹುಟ್ತು ಅನ್ನೋಕೆ ಬರತ್ತೆ," ಎಂದಳು. "But you can't say, please go home?"

ರಮಾಮಣಿ ಫೋನ್ ಇಟ್ಟಳು, ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು. ನೇರವಾಗಿ ಕೆಳಗಿನ ಕೋಣೆಗೆ ನಡೆದಳು. ಅಶ್ವತ್ಥನಾರಾಯಣ ಆಗಲೇ ಅಲ್ಲಿ, ಚಾಪೆಯ ಮೇಲೆ, ಅಧಿಪತಿಗಳಿಗೆಂದು ಕಿತ್ತಳೆ ಸುಲಿಯುತ್ತ ಕೂತಿದ್ದ.

"ಅಡಿವೆಪ್ಪನವರೇ, ಮಗು ಹುಟ್ಟಿಲ್ಲ," ಎಂದಳು. "ನಾನು ಸುಳ್ಳು ಹೇಳ್ದೆ. ಈ ರೂಮು ನನ್ನ ಮಗಳಿಗೆ ಬೇಕು. ನೀವು ನಿಮ್ಮನೆಗೆ ಹೋಗ್ಬೇಕು."

ಮಾತು ಹೊರಬಿತ್ತು. ಗಂಡನ ಕೈಯ ಕಿತ್ತಳೆ ತೊಳೆ ಗಾಳಿಯಲ್ಲೇ ನಿಂತಿತು. ಭೂಮಿ ಬಾಯಿ ಬಿಡಲಿ ಎಂದು ರಮಾಮಣಿ ಕಾದಳು.

ಅಡಿವೆಪ್ಪನವರು ಪೊರಕೆಯ ಕುಚ್ಚಿನ ಶಿರಸ್ತ್ರಾಣವನ್ನು ತೆಗೆದು ಪಕ್ಕಕ್ಕಿಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮಂಡಿಯ ಮೇಲೆ ಕೈಯೂರಿ ದೊಡ್ಡದೊಂದು ಉಸಿರು ಬಿಟ್ಟರು.

"ಹದಿನಾಕ ಸರ್ತೆ ಎದ್ದೇನ್ರಿ ವೈನಿ," ಎಂದರು. "ಹಿಮ ಕರಗಿದ ದಿನಾನ ಬೂಟ್ ಹಾಕ್ಕೊಂಡಿದ್ದೆ. ಇವರು ಊಟ ಮಾಡಿ ಹೋಗ್ರಿ ಅಂತ ಕಾಲಾಗಿನ ಬೂಟ್ ಬಿಚ್ಚಿಸಿದ್ರು. ಇನ್ನೊಮ್ಮೆ ಚೀಲ ಕಾರಿನಾಗ ಇಟ್ಟಿದ್ದೆ. ಆವಾಗ ನೀವ ಬಂದು, ಸೊಪ್ಪಿನ ಹುಳಿ ಮಾಡೀನಿ, ಉಣ್ಣದ ಹೋದ್ರ ಮನಸಿಗೆ ಬ್ಯಾಸರಾಗ್ತದ ಅಂದ್ರಿ. ಕುಂದರ್‍ರಿ ಕುಂದರ್‍ರಿ ಅನ್ನೋರ ಕೈ ಕೊಡವಿ ಹೋಗೂದು ಮರ್ಯಾದಿ ಏನ್ರಿ? ಮನ್ಯಾಗ ನನ್ನ ತುಳಸಿ ಗಿಡ ಒಣಗಿ ಹೋಗಿರಬೇಕು."

ಅವಳಿಗೆ ನೆನಪಾಯಿತು. ಸೊಪ್ಪಿನ ಹುಳಿ ನಿಜ. ಬೇಜಾರಾಗುತ್ತದೆ ಎಂದದ್ದೂ ನಿಜ. ತಾರಿಣಿಗೆ ಕುಂಕುಮ ಕೊಟ್ಟ ಕೈಯಲ್ಲೇ, ಇಷ್ಟು ಬೇಗ ಏನು ಹೊರಡುತ್ತೀಯಾ ಎಂದು ಹೆಗಲು ಒತ್ತಿ ಕೂರಿಸಿದ್ದೂ ಪ್ರತಿ ಸಂಜೆ ತಾನೇ. ಬೋರಲಿಂಗಯ್ಯ ಸಾಕು ಸಾಕು ಎಂದು ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ ಎರಡನೇ ಸಲ ಬಡಿಸಿದ್ದು ಯಾರು? ಐದು ವಾರದಿಂದ ಸೆರೆಯಲ್ಲಿದ್ದದ್ದು ತಾವು ಎಂದುಕೊಂಡಿದ್ದಳು. ಅವಳಿಗೆ ನಾಚಿಕೆಯಾಯಿತು, ನಗುವೂ ಬಂತು.

ಅಡಿವೆಪ್ಪನವರು ಹತ್ತು ನಿಮಿಷದಲ್ಲಿ ಚೀಲ ಕಟ್ಟಿದರು. ತಾವೇ ಹಾಸು ಮಡಿಸಿಟ್ಟರು, ಭರ್ಜಿಗಳನ್ನು ಒಂದೊಂದಾಗಿ ಕಾರಿಗೆ ಸಾಗಿಸಿದರು. ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟಿಕೊಂಡು ಎದ್ದು ನಿಂತು, ಹಂಗಾದ್ರ ಬರ್ತೀನ್ರಿ ಎಂದರು. ಹೇಳಿ, ಅಭ್ಯಾಸಬಲದಿಂದ, ಒಂದು ಕ್ಷಣ ನಿಂತರು.

ಗಂಟೆ ಹನ್ನೆರಡೂವರೆ. ಒಲೆಯ ಮೇಲೆ ಅನ್ನ ಆಗಿತ್ತು. ಇಡೀ ಮನೆಗೆ ಒಗ್ಗರಣೆಯ ಘಮ. ಅಶ್ವತ್ಥನಾರಾಯಣನ ಬಾಯಿ ತೆರೆಯಿತು. ರಮಾಮಣಿ ಅವನ ಮುಂಗೈ ಹಿಡಿದು ಗಟ್ಟಿಯಾಗಿ ಅದುಮಿದಳು. ಅವಳ ನಾಲಿಗೆಯ ತುದಿಗೂ ಅದೇ ಮಾತು ಬಂದು ನಿಂತಿತ್ತು. ಹಲ್ಲು ಕಚ್ಚಿದಳು. ಆ ಒಂದು ಕ್ಷಣವನ್ನು ಸುಮ್ಮನೆ ಕಳೆಯುವುದು ಅವಳು ಜೀವನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಅಡಿವೆಪ್ಪನವರು ಕಾದರು. ಯಾರೂ ಏನೂ ಹೇಳಲಿಲ್ಲ. ಅವರ ಮುಖ ಅರಳಿತು. ಕೈ ಮುಗಿದು, ಪಂಚೆಯನ್ನು ಹೆಗಲಿಗೆ ಎಸೆದುಕೊಂಡು, ಆ ದೊಡ್ಡ ಆಳು ಹೆಚ್ಚುಕಡಿಮೆ ಓಡುತ್ತಲೇ ಕಾರಿನತ್ತ ಹೋದರು.

ಕಾರು ತಿರುವು ದಾಟಿ ಮರೆಯಾಗುವ ತನಕ ಗಂಡ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಕೋಣೆ ಖಾಲಿಯಾಗಿತ್ತು. ಮಗಳು ಇನ್ನು ಬರಬಹುದು. ರಮಾಮಣಿಯ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

"ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಪಾಪ," ಎಂದ ಅಶ್ವತ್ಥನಾರಾಯಣ.

"ಗೊತ್ತು," ಎಂದಳು ಅವಳು.